ಸಾಕು

ಎರಡನೇ ಬೆಂಚಿನ ಹುಡುಗಿ ಎದ್ದು ಕೇಳಿದಳು:
ಮೇಡಂ, ಗಾಂಜಾ ಬಂದು ಕೂರಲಿಕ್ಕೆ
ಮೈಯೊಳಗೆ ಮೊದಲೇ ಕುರ್ಚಿ ಹಾಕಿಟ್ಟವರು ಯಾರು?

ಚಿಕ್ಕಬಳ್ಳಾಪುರದ ನರ್ಸಿಂಗ್ ಕಾಲೇಜು, ಬಿಸಿಲ ಮೂರು ಗಂಟೆ.
ಕಿಟಕಿಯಾಚೆ ದ್ರಾಕ್ಷಿ ಚಪ್ಪರ, ಅದರಾಚೆ ಬೆಟ್ಟದ ಬೋಳು ಬೆನ್ನು.
ಪುಸ್ತಕದ ಉತ್ತರ ಗೊತ್ತಿತ್ತು.
ನೆನಪಾದದ್ದು ಮಾತ್ರ ಶಿಡ್ಲಘಟ್ಟದ ಓಣಿ,
ಬೆಂದ ಹುಳದ ವಾಸನೆ,
ದಸ್ತಗೀರ್ ಮಾಮು.

ಬಾಣಲೆಯಲ್ಲಿ ಗೂಡು ಕುದಿಯುತ್ತಿತ್ತು. ಈ ತುದಿಗೆ ಅಮ್ಮಿ,
ಆ ತುದಿಗೆ ರಾಟೆಯ ಹಿಡಿ ತಿರುಗಿಸುತ್ತ ಮಾಮು.
ನೂಲು ಹರಿಯುವುದು ಒಂದೇ ದಿಕ್ಕಿಗೆ, ಬಾಣಲೆಯಿಂದ ರಾಟೆಗೆ.
ಎಳೆ ದಪ್ಪವಾಯಿತೋ, ಮಾತು
ನೂಲಿಗೆ ಎದುರಾಗಿ ಹೋಗಬೇಕು:
"ಸಾಕು ಆಪಾ, ಸಾಕು."

ನರದ ಸಂಸಾರವೂ ಹಾಗೇ, ಅಂದೆ.
ಒಬ್ಬಳು ಸುರಿಯುತ್ತಾಳೆ, ಒಬ್ಬಳು ತುಂಬಿಕೊಳ್ಳುತ್ತಾಳೆ.
ತುಳುಕುವ ಹೊತ್ತಿಗೆ ತುಂಬಿಕೊಂಡವಳು
ತನ್ನ ಗೋಡೆಯ ಕೊಬ್ಬನ್ನೇ ಚಿವುಟಿ
ಒಂದು ಚೂರು ಹಿಂದಕ್ಕೆ ಕಳಿಸುತ್ತಾಳೆ.
ಅದನ್ನು ಕೂಡಿಡುವ ಡಬ್ಬಿಯಿಲ್ಲ.
ಬೇಕಾದಾಗ ಮಾಡು, ಹೇಳಿಯಾದ ಮೇಲೆ ಒಡೆದುಹಾಕು.
ಕುರ್ಚಿ ಹಾಕಿದ್ದು ಆ ಚೂರಿಗೆ.
ಹೆಸರಿಡುವಾಗ ವಿಜ್ಞಾನಿಗಳು ನಮ್ಮ ಆನಂದವನ್ನು ಸಾಲ ಪಡೆದು
ನಾಲಿಗೆ ತಿರುಚಿ ಅನಾಂಡಮೈಡ್ ಅಂದರು.
ಕೊನೆಯ ಬೆಂಚಿನ ಆನಂದರೆಡ್ಡಿ ತಲೆ ತಗ್ಗಿಸಿದ.
ಇಡೀ ತರಗತಿ ನಕ್ಕಿತು.

ಗಾಂಜಾ ಬರುವುದು ಅದೇ ಕುರ್ಚಿಗೆ, ಕರೆಯದೆ,
ಮದುವೆ ಮುಗಿದರೂ ಹೊರಡದ ದೂರದ ನೆಂಟನ ಹಾಗೆ.
ಮೈಯ ಕೊಬ್ಬಿನಲ್ಲಿ ಚಾಪೆ ಹಾಸಿ ವಾರಗಟ್ಟಲೆ ಮಲಗುತ್ತದೆ.
ಮನೆಯವರ ಮಾತೇ ಆಡುತ್ತದೆ,
ಯಾವ ಕೋಣೆಯಲ್ಲಿ ಯಾವಾಗ ಆಡಬೇಕೆಂಬ ಅಂದಾಜಿಲ್ಲ.
ಉಂಡೆದ್ದವನನ್ನು ಮತ್ತೆ ಉಣ್ಣು ಅನ್ನುತ್ತದೆ,
ಗಡಿಯಾರವನ್ನು ಜಗ್ಗಿ ಉದ್ದ ಮಾಡುತ್ತದೆ,
ಈಗ ಕೇಳಿದ್ದನ್ನು ಈಗಲೇ ಒರೆಸುತ್ತದೆ.
ಉಸಿರಿನ ಕೋಣೆಯಲ್ಲಿ ಮಾತ್ರ ಅದಕ್ಕೆ ಕುರ್ಚಿ ಕಡಿಮೆ.
ಇದು ಪರೀಕ್ಷೆಗೆ ಬರುತ್ತೆ, ಅಡಿಗೆರೆ ಎಳೆದುಕೊಳ್ಳಿ.

ಬರೆಸದೆ ಬಿಟ್ಟದ್ದು:

ಮಾಮು ರಾಟೆಗೆ ಬಂದದ್ದು
ಬಾಣಲೆಗೆ ಬೆರಳು ಕೊಟ್ಟು ಮುಗಿದ ಮೇಲೆ.
ತುದಿಗಳು ಬಿಳಿಚಿ, ಮುಷ್ಟಿ ಪೂರಾ ಮುಚ್ಚುತ್ತಿರಲಿಲ್ಲ.
ಸಂಜೆ ಕೆರೆ ಏರಿಯ ಮೇಲೆ ಚಿಲುಮೆ.
ನೋವು ಹೋಯ್ತಾ ಮಾಮು?
"ಎಲ್ಲಿ ಹೋಗುತ್ತೆ ಬೇಟಿ. ಹೊಸ್ತಿಲ ಆಚೆ ಕೂತಿರುತ್ತೆ,
ತಾನೂ ಒಂದು ಬೀಡಿ ಸೇದ್ತಾ."
ಒಂದು ಗುರುವಾರ ಹಗಲಲ್ಲೇ ಸೇದಿ ಬಂದು
ರಾಟೆಯ ಒಂದು ಸುತ್ತಿನೊಳಗೆ ಒಂದು ವರ್ಷ ಕಂಡನಂತೆ.
ಸಾಕು ಅನ್ನುವುದನ್ನು ಮರೆತ.
ಹಗ್ಗವಾದ ನೂಲನ್ನು ಮಾರುಕಟ್ಟೆ ವಾಪಸು ಕಳಿಸಿತು,
ಅಮ್ಮಿಯ ಒಂದು ವಾರದ ಕೂಲಿ ನೀರಿಗೆ.
ಅವಳು ಬೈಯಲಿಲ್ಲ. ರೊಟ್ಟಿ ತಟ್ಟುತ್ತಲೇ ಹೋದಳು.
ಅವನು ಒಂಬತ್ತು ತಿಂದ.

ಮತ್ತೆ ಆ ಬಾಗೇಪಲ್ಲಿಯ ಹುಡುಗ, ಹದಿನೇಳು ತುಂಬಿರಲಿಲ್ಲ.
ನನ್ನ ರಾತ್ರಿ ಪಾಳಿಯಲ್ಲಿ
ಕಿವಿಯಿಂದ ಯಾರಿಗೂ ಕಾಣದ ದಾರ
ಎಳೆಯುತ್ತಲೇ ಇದ್ದ, ಎಳೆದು ಮಂಚಕ್ಕೆ ಸುತ್ತುತ್ತಿದ್ದ.
ಆ ಭಯಕ್ಕೆ ಒಳಗಿನಿಂದ ಸಾಕು ಅನ್ನುವವರಿರಲಿಲ್ಲ.
ಬೆಳಗಿನವರೆಗೂ ಅವನ ಮಣಿಕಟ್ಟು ಹಿಡಿದು ಕೂತಿದ್ದೆ.
ಸಾಹುಕಾರರ ಮಗನೋ ಬಡವನೋ ಕೇಳಲಿಲ್ಲ.
ಮಾಮುವನ್ನು ಎಷ್ಟು ಪ್ರೀತಿಸಿದರೂ
ಆ ರಾತ್ರಿಯನ್ನು ಮುಚ್ಚಿಡಲಾರೆ.

ಹುಡುಗಿ ಇನ್ನೂ ನಿಂತೇ ಇದ್ದಳು.
ಎದೆಹಾಲಲ್ಲೂ ಆ ಚೂರಿನ ತಂಗಿ ಇದ್ದಾಳಮ್ಮ, ಅಂದೆ.
ಕಣ್ಣು ಬಿಡದ ಕೂಸಿಗೆ
ಚೀಪು ಅನ್ನುವವಳು ಅವಳೇ ಇರಬೇಕೆಂದು
ಇಲಿಮರಿಗಳನ್ನು ನೋಡಿದವರು ಹೇಳುತ್ತಾರೆ.
ಕುರ್ಚಿ ಹಳೆಯದು. ನೆಂಟ ಆಮೇಲೆ ಬಂದವನು.

ಬೆಲ್ಲಿಗೆ ಎರಡು ನಿಮಿಷ ಇತ್ತು.
ಬೋರ್ಡಿನ ಮೇಲೆ ಒಂದೇ ಪದ ಬರೆದೆ: ಸಾಕು.
ಪಾಠ ಮುಗಿಯಿತೆಂದು ಅವರು ಪುಸ್ತಕ ಮುಚ್ಚಿದರು.
ಅಬ್ಬಾ ಬಿಟ್ಟುಹೋದ ವರ್ಷದಿಂದ
ಮುಚ್ಚದ ಆ ಮುಷ್ಟಿಯಲ್ಲಿ ಅನ್ನ ಕಲೆಸಿ
ನನ್ನನ್ನು ಸಾಕಿದವನ ನೆನಪಿಗೆ
ನಾನು ಅದನ್ನು ಒರೆಸದೆ ಬಂದೆ.