ಕಲ್ನಾರಿನ ಬಿಲ್ಲೆ

ದಾವಲಸಾಬ ಗೌಂಡಿ ಉಳಿ ಊರಿ ಸುತ್ತಿಗೆ ಎತ್ತಿದ್ದ.
'ನಿಲ್ರಿ' ಅಂದೆ.
ಪುಣೆಯಿಂದ ಆಗಷ್ಟೇ ಕಾಗದ ಬಂದಿತ್ತು:
ಶೇಕಡಾ ಮೂರು, ಕಲ್ನಾರು.
'ಕಲ್ಲಿಗೆಲ್ಲಿಯ ನಾರ್ರೀ ಅಕ್ಕಾರ' ಅಂತ ನಕ್ಕ.

ಟಿಳಕವಾಡಿ, ಮೊದಲನೇ ಗೇಟಿನ ಹಿಂದಿನ ಓಣಿ.
ರೈಲು ಹೋದಾಗೊಮ್ಮೆ ಸಣ್ಣಗೆ ಗುನುಗುವ ನೆಲಮಾಳಿಗೆ.
ಒಂದು ಕಪ್ಪು, ಒಂದು ಹಸಿರು, ಒಂಬತ್ತಿಂಚಿನ ಚೌಕ.
ಕ್ಯಾಂಪಿನ ಯಾವುದೋ ಹಳೇ ಕ್ಯಾಂಟೀನು ಹರಾಜಾದಾಗ
ಉಳಿದ ಪೆಟ್ಟಿಗೆಗಳನ್ನು ನೇಮಣ್ಣ ಕಾಕಾ ಟಾಂಗಾದಲ್ಲಿ ಹೇರಿ ತಂದದ್ದು.
ಫರಶಿಗಿಂತ ಸಸ್ತಾ, ಪಾದಕ್ಕೆ ಬೆಚ್ಚಗೆ,
ಬೆಳಗಾವಿಯ ಮಳೆಗೂ ಜಗ್ಗದ್ದು
ಎಂದು ಓಣಿಗೆಲ್ಲ ಕರೆದು ತೋರಿಸಿದ್ದ.

ನಮಗದು ಗೀಟು ಹೊಡೆಯದೇ ಸಿಕ್ಕ ಕುಂಟಬಿಲ್ಲೆಯ ಮನೆ.
ಜಿಟಿಜಿಟಿ ಆಷಾಢ ಪೂರ್ತಿ ನಾನೂ ಸುನಂದೆಯೂ
ಒಂಟಿಗಾಲಲ್ಲಿ.
ಬಿಲ್ಲೆ ಬೇಕಲ್ಲ? ಮೂಲೆಯದೊಂದನ್ನು ಎಬ್ಬಿಸಿ, ಮುರಿದು,
ಒರಳಕಲ್ಲಿಗೆ ಉಜ್ಜಿ, ಉಜ್ಜಿ, ದುಂಡಗೆ ಮಾಡಿ
ಅಂಗೈ ಮೇಲಿಟ್ಟು
ಉಫ್ ಎಂದು ಊದಿದೆವು.

ಮೇಲೆ ಅಡುಗೆಮನೆಯಲ್ಲಿ ಅಜ್ಜಿ
ಬಟ್ಟೆ ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ
ನೀರು ಸೋಸುತ್ತಿದ್ದಳು,
ಕಾಣದ ಜೀವಕ್ಕೂ ನೋವಾಗದಿರಲೆಂದು.
ಗಾಳಿ ಸೋಸುವ ಬಟ್ಟೆ ನಮ್ಮ ಮನೆಯಲ್ಲಿರಲಿಲ್ಲ.

ಡಾಕ್ಟರು ಎದೆಯ ಫಿಲ್ಮು ದೀಪಕ್ಕೆ ಹಿಡಿದು
'ಸದ್ಯ ಏನಿಲ್ಲ' ಅಂದಿದ್ದಾರೆ.
ಸದ್ಯ ಅಂದರೆ ಎಷ್ಟು ಚೌಕದ ಆಟವೋ, ಕೇಳಲಿಲ್ಲ.
ಸುನಂದೆಗೆ ಇನ್ನೂ ಹೇಳಿಲ್ಲ. ಫೋನು ಹಚ್ಚುತ್ತೇನೆ,
ಮಾವಿನ ಉಪ್ಪಿನಕಾಯಿಯ ಮಾತಾಡಿ ಇಟ್ಟುಬಿಡುತ್ತೇನೆ.
ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತಂತೆ;
ಈ ನಾರಿಗೆ ಹೂವಿನ ಹಂಗಿಲ್ಲ.

ದಾವಲಸಾಬ ಉಳಿಯನ್ನು ಚೀಲಕ್ಕೆ ಹಾಕಿದ.
ಬೀಡಿ ಹಚ್ಚದೆ ಬಹಳ ಹೊತ್ತು ಬೆರಳಲ್ಲೇ ತಿರುವಿದ.
'ಮಲಗಿದ್ದನ್ನ ಎಬ್ಬಿಸೂದು ಬ್ಯಾಡ್ರಿ.
ಹಸೀ ಅರಿವೀಲೆ ಒರಸೂಣು, ಬಿರಕು ಬಿಟ್ಟಲ್ಲಿ ಅಂಟು ತುಂಬೂಣು,
ಮ್ಯಾಲ ಹೊಸಾದು ಹಾಸೂಣು.
ಕಸಬರಗಿ ಮಾತ್ರ ಮುಟ್ಟಸಬ್ಯಾಡ್ರಿ.'
ಆಮೇಲೆ, ಮೆಟ್ಟಿಲ ಕಡೆ ನೋಡುತ್ತ:
'ಮೂವತ್ತು ವರ್ಷದಾಗ ಇಂಥಾವು ಎಷ್ಟು ಒಡದೇನೋ.'
ನಾನೇನೂ ಅನ್ನಲಿಲ್ಲ. ಚಹಾ ತಂದೆ.
ಇಬ್ಬರೂ ಮೇಲೆ, ಅಂಗಳದಲ್ಲಿ ನಿಂತು ಕುಡಿದೆವು.

ಹೊಸ ನೆಲ ಹಾಸಿದ ದಿನ
ಶಹಾಬಾದ ಫರಶಿಯ ತುಂಡೊಂದರ ಮೇಲೆ
ನಾನು ಪೆನ್ಸಿಲಿನಲ್ಲಿ ಬರೆದೆ, ಅವನು ಕೆತ್ತಿದ,
ಬಾಗಿಲ ಪಕ್ಕ ಗೋಡೆಗೆ ಕೂಡಿಸಿದ:
ಕೆಳಗೆ ಕಲ್ನಾರು ಇದೆ. ಒಡೆಯಬೇಡಿ.
ಒಡೆಯಲೇಬೇಕಾದರೆ ನೀರು ಹಾಕಿ, ತಿಳಿದವರನ್ನು ಕರೆಸಿ,
ಮಕ್ಕಳನ್ನು ದೂರ ಕಳಿಸಿ.

ಹಳೇ ಶಾಸನಗಳ ಕೊನೆಗೆ ಇರುತ್ತದಲ್ಲ,
ಅಳಿದವನಿಗೆ ಕವಿಲೆಯ ಕೊಂದ ಪಾಪ ಅಂತ,
ಅದನ್ನು ಬಿಟ್ಟೆವು.

ಆ ಬಿಲ್ಲೆ ಮಾತ್ರ ಸಿಕ್ಕಿಲ್ಲ.
ಗುಂಡಿಯ ಡಬ್ಬಿ, ಪಾಟಿಚೀಲ, ಅಟ್ಟದ ಟ್ರಂಕು ನೋಡಿದೆ.
ಮನೆಯಲ್ಲೇ ಎಲ್ಲೋ ಇದೆ.