ಕಾಶನ್ ಆರ್ಡರ್

ಸೆಕೆಂಡಿಗೆ ಒಂಬತ್ತು ಚಿತ್ರ.
ಇಷ್ಟ ಆಗ್ತೈತಿ ನಮ್ಮ ಹಳೇ ಕಂಪ್ಯೂಟರಿನ ಕೈಲೆ.
ಗೋಕುಲ ರೋಡಿನ ರನ್‌ವೇ ಮ್ಯಾಲೆ ವಿಮಾನ
ಕುಂಟ ಕುದರಿ ಹಂಗ ಜಿಗೀತೈತಿ,
ಮೂಗು ಎತ್ತಬೇಕು ಅನ್ನೂದ್ರಾಗ
ಬೇಲಿ ದಾಟಿ ಯಾರದೋ ಹೊಲದಾಗ ನಿಂತಿರ್ತೈತಿ.
ಮೂವತ್ತಾರು ವರ್ಷ ಗೂಡ್ಸ್ ಗಾಡಿ ಓಡಿಸಿದಾಂವ ನಾನು,
ಹಳಿ ಬಿಟ್ಟು ಒಂದು ಗೇಣು ಸರದಿದ್ದಿಲ್ಲ.
ಈಗ ದಿನಾ ನಾಕು ಸಲ ಬೀಳ್ತೇನಿ.

ಕೊಪ್ಪೀಕರ ರೋಡಿನ ತಬಸ್ಸುಮ್ ಬಂದ್ಳು,
ಕೈಯಾಗ ಸ್ಕ್ರೂಡ್ರೈವರು, ಬಣ್ಣದ ಬ್ರಶ್ಶು.
ಡಬ್ಬಿ ಬಿಚ್ಚಿ ಅಂದ್ಳು: "ಡ್ರೈವರ್ ಕಾಕಾ,
ಇದರಾಗ ಅರ್ಧ ಹುಬ್ಬಳ್ಳಿ ಐತಿ."
ಖರೇನ. ಹನ್ನೊಂದು ಬ್ಯಾಸಿಗಿ ಧೂಳು
ಫ್ಯಾನಿನ ರೆಕ್ಕಿಗೆ ಕಂಬಳಿ ಹೊಚ್ಚಿತ್ತು.
ಪ್ರೊಸೆಸರ್ ಮ್ಯಾಲಿನ ಒಣಗಿದ ಪೇಸ್ಟ್ ಒರಸಿ
ಹೊಸಾದು ಹಚ್ಚಿದ್ಳು, ಎಲಿಗೆ ಸುಣ್ಣ ಹಚ್ಚಿದಂಗ.
"ದಪ್ಪ ಆದ್ರ ಬಾಯಿ ಸುಡತೈತಿ ನೋಡವಾ" ಅಂದೆ.
"ಇದಕ್ಕೂ ಹಂಗ" ಅಂದ್ಳು.
ರ‍್ಯಾಮಿನ ಹಲ್ಲು ಸಾಲಿ ರಬ್ಬರಿನಿಂದ ತಿಕ್ಕಿ,
ಪಕ್ಕದ ಖಾಲಿ ಗೂಡಿನ್ಯಾಗ ಇನ್ನೊಂದು ಕೂಡ್ರಿಸಿ,
ಸಾವಿರದ ಇನ್ನೂರು ಇಸ್ಕೊಂಡು
ಹೋಗೂಮುಂದ ಹೊಳ್ಳಿ ನಿಂತು ಒಂದು ಮಾತು:
"ಉಳದದ್ದು ನೀವ ಬಿಡಬೇಕು, ಕಾಕಾ. ಒಂದೊಂದ."

ಬಿಟ್ಟೆ.
ಮೊದಲು ನೆರಳು. ಗಿಡದ ನೆರಳು, ಗೋಡಿ ನೆರಳು,
ನನ್ನ ಬೆನ್ನತ್ತಿ ನೆಲದ ಮ್ಯಾಲೆ ಓಡಿ ಬರೂ ನೆರಳು.
ಹನ್ನೆರಡು.
ಉಣಕಲ್ ಕೆರಿ ಮ್ಯಾಲಿನ ಮಿಂಚು ತೆಗದೆ,
ನೀರು ಹಾಸಿದ ತಾಡಪತ್ರಿ ಆತು.
ಮೂರು ಪದರಿನ ಮೋಡ ತೆಗದೆ, ಗಿಡಾ ತೆಗದೆ.
ಹದಿನೇಳು.
ರಸ್ತೆದಾಗಿನ ಗಾಡಿ ಸೊನ್ನಿಗೆ ಇಳಿಸಿದೆ.
ಸಂಜಿ ಆರಕ್ಕ ಚನ್ನಮ್ಮ ಸರ್ಕಲ್ಲಿನ್ಯಾಗ ಒಂದೂ ಆಟೋ ಇಲ್ಲ!
ಇಂದುಮತಿನ್ನ ಕರದು ತೋರಿಸಿದೆ.
ಆಕಿ ಹಿಟ್ಟಿನ ಕೈಲೆ ನಿಂತು ನೋಡಿ,
"ಮೋಡ ತೆಗದ್ರಿ, ಗಿಡ ತೆಗದ್ರಿ, ಮಂದಿ ತೆಗದ್ರಿ.
ನನ್ನ ಪಾಳಿ ಯಾವಾಗ?" ಅಂದು ಒಳಗ ಹೋದ್ಳು.

ಆಮ್ಯಾಲೆ ಮಂಜು ಹಾಕಿದೆ.
ಇದು ನನಗ ಹೊಳದದ್ದು, ತಬಸ್ಸುಮ್ ಹೇಳಿದ್ದಲ್ಲ.
ಕಾಣೂದು ಐದ ಮೈಲು ಅಂತ ಹೇಳಿಬಿಟ್ರ
ಆರನೇ ಮೈಲಿನ ಗುಡ್ಡ ಬರಿಯೂ ತ್ರಾಸು, ಪಾಪ, ಅದಕ್ಕಿಲ್ಲ.
ಕ್ಯಾಸಲ್ ರಾಕ್ ಇಳಿಜಾರಿನ್ಯಾಗ ಶ್ರಾವಣದ ಮಂಜು:
ಹೆಡ್‌ಲೈಟು ಎಷ್ಟು ಕೊರೀತೈತೋ
ಅಷ್ಟ ಜಗತ್ತು. ಅಷ್ಟರಾಗ ಐವತ್ತೆಂಟು ವ್ಯಾಗನ್ನು
ಇಳಿಸೇನಿ ಎಷ್ಟೋ ರಾತ್ರಿ.
ಮುಂದಿನ ಸಿಗ್ನಲ್ ಒಂದು ಕಂಡ್ರ ಆಗಿಹೋತು.

ಇಪ್ಪತ್ತಾರು ಬಂತು. ಮೂವತ್ತಕ್ಕ ಹಾರಿತು. ಹನ್ನೊಂದಕ್ಕ ಬಿತ್ತು.
ಈ ಕುಣಿತ ಬ್ಯಾಡ ಅಂತ ಇಪ್ಪತ್ತಕ್ಕ ಕಟ್ಟಿ ಹಾಕಿದೆ,
ಕಾಶನ್ ಆರ್ಡರ್ ಕೊಟ್ಟಂಗ. ಇಪ್ಪತ್ತು ಅಂದ್ರ ಇಪ್ಪತ್ತು.
ಹಳೇ ಸೇತುವಿ ಮ್ಯಾಲೆ ಓಟ ಯಾಕ, ಒಂದ ನಡಿಗಿ ಸಾಕು.
ಡಬ್ಬಿ ತಣ್ಣಗಾತು.

ನಿನ್ನೆ ರಾತ್ರಿ ನೆಲ ಬಿಟ್ಟೆ.
ನವಲೂರು, ಧಾರವಾಡ, ಅಲ್ಲಿಂದ ಎಡಕ್ಕ ಹೊಳ್ಳಿ
ನನ್ನ ಲೈನ್ ಹಿಡಕೊಂಡು ಹೋಗೂ ಆಸೆ.
ಕೆಳಗ ಹಳಿನ ಇಲ್ಲ.
ತೆಗದಾಂವ ನಾನಲ್ಲ. ಪಟ್ಟಿ ಎಲ್ಲಾ ತಿರಗಾ ನೋಡಿದೆ.
ಮಾಡಿದವರು ಹಾಕೇ ಇಲ್ಲ.

ಹಂಗಂತ ಹಾದಿ ತಪ್ಪತೈತೇನು?
ಕಂಬಾರಗಣವಿ ತಿರುವಿಗೆ ಕೈ ತಾನ ಓರೆ ಆತು.
ಅಳ್ನಾವರಕ್ಕ ವೇಗ ತಾನ ಇಳೀತು,
ಅಲ್ಲಿ ಚಹಾದ ಕಿಟ್ಲಿ ಹಿಡಕೊಂಡು
ಪಾಯಿಂಟ್ಸ್‌ಮನ್ ಫಕ್ಕೀರಗೌಡ ನಿಂದರತಿದ್ದ.
ದಾಟಿದ ಮ್ಯಾಲೆ ಒಂದು ಗೇಟು,
ಸೀಟಿ ಹಾಕು ಅನ್ನೂ ಹಳದಿ ಫಲಕ ಇರೂ ಜಾಗ.
ಮೂರು ಸಾವಿರ ಅಡಿ ಮ್ಯಾಲೆ ಎಡಗೈ
ಹಾರ್ನ್ ಹುಡುಕಿ ಕೀಬೋರ್ಡಿನ್ಯಾಗ ತಡವರಸಿತು.
ವಿಮಾನಕ್ಕ ಸೀಟಿ ಇಲ್ಲ.
ಬಾಯಿಲೇ ಹೊಡದೆ, ಉದ್ದಕ್ಕ.

ಒಳಗ ದೀಪ ಹತ್ತಿತು.
"ಯಾವ ಗೇಟು?" ಅಂದ್ಳು ಇಂದುಮತಿ.