ಬಾಕಿ

ಮುರಿದದ್ದು ಮೊಣಕೈ.
ಜ್ಯೋತಿ ಸರ್ಕಲ್ಲಿನ ತಿರುವಿನಲ್ಲಿ ಫುಟ್‌ಬೋರ್ಡಿನಿಂದ
ನಾನೊಂದು ಕಡೆ, ಚಿಲ್ಲರೆ ಒಂದು ಕಡೆ.
ಎರಡು ರೂಪಾಯಿ ನಾಣ್ಯದಷ್ಟು ಎಲುಬಿನ ತಲೆ
ಪುಡಿಯಾಗಿತ್ತಂತೆ; ಕೂಡಿಸಲಾಗದೆ ತೆಗೆದುಬಿಟ್ಟರು.

ಮೊಣಕೈ ಈಗ ಗಟ್ಟಿ. ಮಡಚುತ್ತದೆ, ಚಾಚುತ್ತದೆ.
ಹೊಲಿಗೆಯ ಗೆರೆ ಬಂಗುಡೆ ಮುಳ್ಳಿನ ಹಾಗೆ ನೇರ.
ಎಂಟು ತಿಂಗಳ ಮೇಲೆ ನೋವು ಶುರುವಾದದ್ದು
ಮಣಿಕಟ್ಟಿನಲ್ಲಿ, ಕಿರುಬೆರಳಿನ ಬದಿಗೆ,
ಕತ್ತರಿ ಮುಟ್ಟದ ಜಾಗದಲ್ಲಿ.
ಮೇಲಿನ ಸರಳಿಗೆ ಜೋತರೆ ಸುಮ್ಮನಿರುತ್ತದೆ,
ಟಿಕೆಟ್ ಹರಿದರೆ ಕಿಟಕ್ಕೆನ್ನುತ್ತದೆ.

"ಮೇಲೆ ತಲೆ ಇಲ್ಲವಲ್ಲ" ಎಂದರು ಡಾಕ್ಟರು,
ಎಕ್ಸ್‌ರೇ ಕಿಟಕಿಗೆ ಹಿಡಿದು,
"ಒಂದು ಎಲುಬು ಮೆಲ್ಲಗೆ ಮೇಲಕ್ಕೆ ಸರಿದಿದೆ.
ಇನ್ನೊಂದು ಇದ್ದಲ್ಲೇ ಇದ್ದು ಚುಚ್ಚುತ್ತಿದೆ."
ಅರ್ಥವಾಯಿತು.
ಜಾಗ ಖಾಲಿಯಾದರೆ ಸರಿಯುವವರನ್ನು
ಹತ್ತೊಂಬತ್ತು ವರ್ಷ ನೋಡಿದ್ದೇನೆ.
"ದುಂಬು ಪೋಲೆ, ಮುಂದೆ ಹೋಗಿ" ಎಂದು
ದೂಡಿದವನೂ ನಾನೇ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ
ಎಂದು ನಗುತ್ತಾನೆ ಡ್ರೈವರ್ ಲ್ಯಾನ್ಸಿ, ಗಿಯರು ಬದಲಿಸುತ್ತ.
ಅವನ ಮಣಿಕಟ್ಟನ್ನೇ ನೋಡುತ್ತೇನೆ.

ನೋವು ಇರಲಿ ಮಾರಾಯರೆ,
ಅಂಗೈ ಮೇಲಾಗುವುದಿಲ್ಲ, ಅದು ಕಷ್ಟ.
ಅರ್ಧ ತಿರುಗಿ ನಿಲ್ಲುತ್ತದೆ, ತುಕ್ಕು ಹಿಡಿದ ನಲ್ಲಿ.
ತೀರ್ಥಕ್ಕೆ ಒಡ್ಡಿದರೆ ಮುಕ್ಕಾಲು ಭಟ್ಟರ ಕಾಲಿಗೆ.
ಕೊಟ್ಟ ನಾಣ್ಯ ಅಂಚಿನಿಂದ ಜಾರಿ
ಯಾರದೋ ಚಪ್ಪಲಿಯ ಅಡಿಗೆ.

ಖಾಲಿ ಬುಟ್ಟಿ ಹಿಡಿದು ಕೊಟ್ಟಾರದಲ್ಲಿ ಇಳಿಯುವ
ಮೀನಿನ ಬೇಬಿಯಕ್ಕ ಮಾತ್ರ
ಹತ್ತರ ನಾಣ್ಯವನ್ನು ನನ್ನ ಬೆರಳ ಸಂದಿಗೆ ಇಳಿಸುತ್ತಾಳೆ,
ಹುಂಡಿಗೆ ಹಾಕಿದ ಹಾಗೆ.
ಏನೂ ಕೇಳುವುದಿಲ್ಲ.
ಇಳಿಯುವಾಗ, ಬಾಕಿ ಎರಡು ರೂಪಾಯಿ ಮಾತ್ರ
ಬಿಡದೆ ಕೇಳುತ್ತಾಳೆ.